ಮುಟ್ಟಿದರೆ ಬರುವ ಎಲೆ

ಇಸವಿ ೨೩೪೭, ಎರಡನೆಯ ಮಾರ್ಗಶಿರ, ಮೂವತ್ತೈದನೆಯ ದಿನ
ಕೊಳ್ಳೇಗಾಲದ ಬಯಲು

ಮುನ್ನೂರು ವರ್ಷದ ಹಿಂದೆ ಬಾಳಿದ ನಮ್ಮ ಮನೆತನದ ಹಿರಿಯರಿಗೆ ನೀಲಾಜಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಬಿಸಿಲು ಹಿಗ್ಗಿದಂತೆ ನಮ್ಮ ತಿಂಗಳುಗಳೂ ಹಿಗ್ಗಿವೆ, ಕೆಲವು ಎರಡೆರಡು ಸಲ ಬರುತ್ತವೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಈ ಊರಿನ ನಡಿಗೆತಾಯಿ. ಚಳಿ ಕಾಲಿಟ್ಟೊಡನೆ ಜನರನ್ನು ಕರೆದೊಯ್ದು, ಮರಗಳು ಎಲೆ ಕಳಚಿ, ಮುಂದಿನ ಬೇಸಗೆಗೆ ಸಜ್ಜಾಗುವುದನ್ನು ತೋರಿಸುವವಳು. ಇದನ್ನು ಬೋಳುನಡಿಗೆ ಎನ್ನುತ್ತೇವೆ, ಮನೆಗೊಬ್ಬರು ಬರಲೇಬೇಕು. ಮರವು ಎಲೆಯ ಸಾರವನ್ನು ಒಳಕ್ಕೆ ತೆಗೆದುಕೊಂಡು, ತೊಟ್ಟನ್ನು ಮುಚ್ಚಿ, ಆಮೇಲೆ ಎಲೆಯನ್ನು ಉದುರಿಸುತ್ತದೆ. ನಡಿಗೆಯ ಕಟ್ಟಳೆ ಒಂದೇ: ಎಲೆಯನ್ನು ಎಳೆಯಕೂಡದು, ಮುಟ್ಟಬೇಕಷ್ಟೆ. ಮುಟ್ಟಿದೊಡನೆ ಕೈಗೆ ಬಂದರೆ ಮರ ಸಿದ್ಧವಾಗಿದೆ ಎಂದರ್ಥ. ಮರ ಸಾಯುತ್ತಿದೆಯೆಂದು ಹೆದರಿ, ಮನೆಗೆ ಸಿಗುವ ದಿನದ ನೀರುಪಾಲನ್ನೇ ತಂದು ಬುಡಕ್ಕೆ ಹೊಯ್ಯುವವರು ಪ್ರತಿವರ್ಷವೂ ಇರುತ್ತಾರೆ. ಹಾಗೆ ಮಾಡಿದರೆ ಮರ ಎಲೆ ಹೊತ್ತುಕೊಂಡೇ ಬೇಸಗೆಗೆ ಸಿಕ್ಕಿ ಒಣಗುತ್ತದೆ. ಅಂಥವರನ್ನು ನಾನು ಚೆನ್ನಾಗಿ ಬೈಯುತ್ತೇನೆ.

ಈ ಸಲ ಎಲ್ಲ ಮರಗಳೂ ಬೋಳಾದರೂ ಊರಿಗೊಂದೇ ಇರುವ ಬೂರುಗ ಮಾತ್ರ ಹಸಿರಾಗಿಯೇ ನಿಂತಿತ್ತು. ಅದು ಬೋಳು ಕೊಂಬೆಯಲ್ಲಷ್ಟೇ ಹೂ ಬಿಡುವ ಮರ. ಎಲೆ ಉದುರಿಸದಿದ್ದರೆ ಹೂವಿಲ್ಲ, ಬೀಜವಿಲ್ಲ. ಮರವೂ ಉಳಿಯುವುದು ಅನುಮಾನ. ನಡಿಗೆಗೆ ಬಂದಿದ್ದ ಮಾಸ್ತಮ್ಮನೆಂಬ ಮುದುಕಿ ಎಲೆ ಮುಟ್ಟಿದಳು, ಬರಲಿಲ್ಲ. ಬಗ್ಗಿ ಬುಡದ ಮಣ್ಣು ಹಿಸುಕಿದಳು, ತೇವವಿತ್ತು. ಅವಳು ನನ್ನ ಮುಖ ನೋಡಿದಾಗ ನಾನು ತಲೆ ತಗ್ಗಿಸಿದೆ.

ನೀರು ಹೊಯ್ದವಳು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಮರ ನೆಟ್ಟವನು ನನ್ನ ಗಂಡ ಚೆನ್ನಂಜಯ್ಯ. ಆಷಾಢದಲ್ಲಿ ತೀರಿಕೊಂಡ. ಅವನು ಕಣ್ಣಾರೆ ಕಂಡಿದ್ದ ಎಲೆಗಳು ಅವು. ಉದುರಿಹೋದರೆ ಅವನ ಕಣ್ಣು ಕಂಡದ್ದೊಂದೂ ಉಳಿಯುವುದಿಲ್ಲವೆಂದು ನನಗೆ ಭಯವಾಗಿತ್ತು.

ಮಾಸ್ತಮ್ಮ ಯಾರಿಗೂ ಹೇಳಲಿಲ್ಲ. ನನ್ನ ಕೈ ಹಿಡಿದು, "ಬುಟ್ಬುಡವ್ವ. ಅದ್ಕೂ ವಸಿ ಸುಮ್ಕಿರಾಕ ಬುಡು," ಅಂದಳು. ಮಾರನೆಯ ದಿನದಿಂದ ನನ್ನ ನೀರನ್ನು ನಾನೇ ಕುಡಿದೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯ ಮರ ಎಲೆ ಉದುರಿಸುವಾಗ ಕಸವೆಂದು ಗೊಣಗಬೇಡಿ, ಅಯ್ಯೋ ಎಂದು ನೀರೂ ಹೊಯ್ಯಬೇಡಿ. ಒಂದು ಗಳಿಗೆ ಅದರ ಕೆಳಗೆ ನಿಲ್ಲಿ. ಆ ಮರದ ಬೀಜವೇ ನಮ್ಮವರೆಗೆ ಬರಬೇಕಾದದ್ದು.

ಬೂರುಗಕ್ಕೆ ನೀರು ನಿಲ್ಲಿಸಿ ಇಂದಿಗೆ ಇಪ್ಪತ್ತು ದಿನವಾಯಿತು. ಬೆಳಿಗ್ಗೆ ಹೋಗಿ ಅದರ ಕೆಳಗಿನ ಕೊಂಬೆಯ ಎಲೆ ಮುಟ್ಟಿದೆ. ಒಂದು ಎಲೆಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ನಾನು ಎಳೆಯಲಿಲ್ಲ.