ಅಕ್ಕನ ತೇಪೆಗೆ ನೀವು ಹಾಕಿದ ಬೀಗ

ಮಾನ್ಯ ತಂತ್ರಜ್ಞಾನ ನಿಯಂತ್ರಣಾಧಿಕಾರಿಗಳೇ,

ನಿಮ್ಮ ಒಂದು ಆದೇಶದಿಂದಾಗಿ ನಮ್ಮ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ಒಬ್ಬ ಮನುಷ್ಯ ತಲೆಯೊಡೆದುಕೊಂಡು ಸುಮ್ಮನೆ ಮಲಗಿರಬೇಕಾಯಿತು. ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಲು ಈ ಪತ್ರ. ಸಂಗತಿಯನ್ನು ಮೊದಲು ಹೇಳಿದವಳು ನನ್ನ ಅಕ್ಕ, ನಿನ್ನೆ ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ಮುಂದಿಟ್ಟುಕೊಂಡು. ಕೇಳಿದವರು ಅಮ್ಮ, ಭಾವ ಮತ್ತು ನಾನು. ಕೈ ಒಣಗಿದರೂ ಯಾರೂ ಏಳಲಿಲ್ಲ.

ಅಕ್ಕ ಆಸ್ಪತ್ರೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಎಂಜಿನಿಯರ್. ಹಳೆಯ ಯಂತ್ರಗಳನ್ನೆಲ್ಲ ಒಂದೇ ನೊಗಕ್ಕೆ ಹೂಡಿ ಆಸ್ಪತ್ರೆಗೆ ಸ್ವಂತದ್ದೊಂದು ಕ್ಲೌಡ್ ಕಟ್ಟಿದವಳು. ಒಂದು ಯಂತ್ರ ಕುಸಿದರೆ ಇನ್ನೊಂದು ಹೆಗಲು ಕೊಡಬೇಕು, ಅದೇ ಅದರ ಗುಟ್ಟು. ಹಾಗೆ ಹೂಡುವ ತಂತ್ರಾಂಶ ಮುಕ್ತವಾದದ್ದು. ಹತ್ತಾರು ದೇಶದ ಜನ ಸೇರಿ ಬರೆದದ್ದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ನಮ್ಮ ಹಳ್ಳಿಯಲ್ಲಿ ಕತೆ ಹೇಳುತ್ತಿದ್ದ ಅಜ್ಜಿ, "ಪುಕ್ಕಟೆ ಕೇಳಿದ್ರಲ್ಲ, ಒಂದು ಎಳೆ ಸೇರಿಸಿ ಮುಂದಕ್ಕೆ ಹೇಳಿ," ಎನ್ನುತ್ತಿದ್ದಳು. ಇಲ್ಲೂ ಅದೇ ಪದ್ಧತಿ. ದೋಷ ಕಂಡವರು ಅದನ್ನು ಸರಿಪಡಿಸುವ ನಾಲ್ಕು ಸಾಲು ಕೋಡ್, ಅಂದರೆ ತೇಪೆ, ಬರೆದು ಕಳಿಸುತ್ತಾರೆ. ಮುಖ ಕಾಣದ ಇಬ್ಬರು ಓದಿ ಒಪ್ಪಿದರೆ ಅದು ಎಲ್ಲರ ಪಾಲಾಗುತ್ತದೆ, ಮುಂದಿನ ಆವೃತ್ತಿಯೊಳಗೆ ಸೇರಿಕೊಂಡೇ ಬರುತ್ತದೆ.

ಅಕ್ಕನೂ ಒಂದು ದೋಷ ಕಂಡಳು. ಯಂತ್ರ ಸತ್ತರೂ ಅದು ಹಿಡಿದಿದ್ದ ಸ್ಕ್ಯಾನ್ ಚಿತ್ರಗಳನ್ನು ಬಿಡುತ್ತಿರಲಿಲ್ಲ. ಪಕ್ಕದ ಯಂತ್ರ ಕೈಚಾಚಿ ನಿಲ್ಲುತ್ತಿತ್ತು. ಅದಕ್ಕೆ ತೇಪೆ ಬರೆದಳು. ಕಳಿಸಬೇಕು ಅನ್ನುವಷ್ಟರಲ್ಲಿ ನಿಮ್ಮ ಆದೇಶ ಬಂತು: ಸಿಬ್ಬಂದಿ ಬರೆದ ಕೋಡ್ ಇಲಾಖೆಯ ಆಸ್ತಿ, ಹೊರಗಿನವರಿಗೆ ಕೊಡಕೂಡದು. ಆಹಾ, ಎಂಥ ಜಾಗರೂಕತೆ! ಊರ ಬಾವಿಯಲ್ಲಿ ದಿನಾ ನೀರು ಸೇದುವವರು, ಹರಿದ ಹಗ್ಗಕ್ಕೆ ತಾವು ಹಾಕಿದ ಗಂಟನ್ನು ಮಾತ್ರ ಬಿಚ್ಚಿ ಮನೆಗೆ ಒಯ್ದರಂತೆ!

ತೇಪೆ ಒಳಗೇ ಉಳಿಯಿತು. ಹೊಸ ಆವೃತ್ತಿ ಬಂದಾಗಲೆಲ್ಲ ಅದು ಅಳಿಸಿಹೋಗುತ್ತದೆ. ಅಕ್ಕ ಮತ್ತೆ ಕೂತು ಹಚ್ಚಬೇಕು. ಈ ಸಲ ಅವಳು ಜ್ವರದಲ್ಲಿ ಮಲಗಿದ್ದಾಗ ಸಹೋದ್ಯೋಗಿ ಹೊಸದನ್ನು ಹಾಕಿದ. ತೇಪೆಯ ನೆನಪು ಅವನಿಗೆ ಬರಲಿಲ್ಲ. ಮರಳಿ ಬಂದ ಅಕ್ಕ, ಅವನು ಹಚ್ಚಿರುತ್ತಾನೆ ಎಂದುಕೊಂಡಳು. ಒಂದು ಬೆಳಿಗ್ಗೆ ಫ್ಯಾನ್ ಕೆಟ್ಟು ಯಂತ್ರವೊಂದು ನಿಂತಿತು. ಅದೇ ಹೊತ್ತಿಗೆ ಏಣಿಯಿಂದ ಬಿದ್ದ ಪೇಂಟರ್ ಒಬ್ಬ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದ. ಅವನ ಸ್ಕ್ಯಾನ್ ಇದ್ದದ್ದು ನಿಂತುಹೋದ ಆ ಯಂತ್ರದಲ್ಲೇ.

"ತಲೆ ಸ್ಕ್ಯಾನ್ ಎಲ್ಲಮ್ಮಾ?" ಶಸ್ತ್ರವೈದ್ಯರು ಫೋನಿನಲ್ಲಿ ಕೂಗಿದರಂತೆ.

"ಇದೆ ಡಾಕ್ಟ್ರೇ, ತೆರೀತಿಲ್ಲ," ಎಂದಳು ಅಕ್ಕ.

"ಇದ್ದೂ ತೆರೀದಿದ್ರೆ ನಾನೇನು ಕಣ್ಮುಚ್ಕೊಂಡು ಕೊಯ್ಲಾ?"

ಅಕ್ಕ ತೇಪೆ ಹಚ್ಚುತ್ತಿರುವಾಗಲೇ ಅವನನ್ನು ಮತ್ತೆ ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋದರು. ಪೇಂಟರ್ ಬದುಕಿದ. ಬಲಗೈ ಇನ್ನೂ ಏಳುತ್ತಿಲ್ಲ. ತಡವಾದದ್ದೇ ಕಾರಣ ಎಂದು ವೈದ್ಯರು ಹೇಳಿಲ್ಲ. ಅಲ್ಲ ಎಂದೂ ಹೇಳಿಲ್ಲ.

ತಾವೇನು ಮಾಡಿದಿರಿ? ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದಂತೆ, ತಪ್ಪು ನಿನ್ನದೇ ಎಂದು ಅಕ್ಕನಿಗೆ ನೋಟಿಸ್ ಕೊಟ್ಟಿರಿ. ಕೋಡ್ ಹೊರಗೆ ಹೋದರೆ ಕೆಲಸವೂ ಹೋಗುತ್ತದೆ ಎಂದು ಕೊನೆಯ ಸಾಲು ಬೇರೆ. ಇದೇ ದೋಷ ಇನ್ನೆಷ್ಟು ಆಸ್ಪತ್ರೆಗಳಲ್ಲಿ ಕಾದು ಕೂತಿದೆಯೋ? ಅಲ್ಲಿ ಮೇಜಿನ ಮೇಲೆ ಈಗ ಯಾರಿದ್ದಾರೋ? ಈ ಯೋಚನೆ ನನ್ನನ್ನು ಕೂರಲೂ ಬಿಡುತ್ತಿಲ್ಲ, ನಿಲ್ಲಲೂ ಬಿಡುತ್ತಿಲ್ಲ. ತಮಗೆ ನಿದ್ದೆ ಬರುತ್ತಿದೆ ತಾನೇ?

"ತೇಪೆ ಕಳಿಸಿಬಿಡ್ತೀನಿ ಕಣಮ್ಮ," ಎಂದಳು ಅಕ್ಕ, ನಿನ್ನೆ ಇದನ್ನೆಲ್ಲ ಹೇಳಿ ಮುಗಿಸಿ.

"ಕಳಿಸು. ಆಮೇಲೆ ನಿನ್ನ ತಮ್ಮನ ಜೊತೆ ಮನೇಲಿ ಕೂತು ಕತೆ ಹೊಡಿ," ಎಂದಳು ಅಮ್ಮ. ಭಾವನ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಮನೆ ನಡೆಯುವುದು ಅಕ್ಕನ ಸಂಬಳದಲ್ಲಿ.

ಭಾವ ಮೆಲ್ಲಗೆ ಕೇಳಿದರು: "ಆ ಪೇಂಟರ್ ನಾನಾಗಿದ್ರೆ, ಅತ್ತೆ?"

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಆದೇಶ ಹಿಂಪಡೆಯಿರಿ, ನೋಟಿಸ್ ರದ್ದು ಮಾಡಿ, ಎಲ್ಲರಿಂದ ಪಡೆದದ್ದಕ್ಕೆ ಹಾಕಿದ ತೇಪೆ ಎಲ್ಲರಿಗೂ ಹೋಗಲು ಬಿಡಿ. ಬೇಗ ಮಾಡಿ, ಏಕೆಂದರೆ ಇವತ್ತು ಬೆಳಿಗ್ಗೆ ಅಕ್ಕ ತನ್ನ ಹೆಸರಿನಲ್ಲೇ ಅದನ್ನು ಕಳಿಸಿಯಾಗಿದೆ. ತಮಗೆ ತಿಳಿಸು ಎಂದವಳೂ ಅವಳೇ. ಅವಳನ್ನು ಬಸ್ಸಿಗೆ ಬಿಡಲು ಭಾವ ಚಪ್ಪಲಿ ಮೆಟ್ಟಿದರು. ನಾನು ಈ ಪತ್ರಕ್ಕೆ ಕೂತೆ. ಅಮ್ಮ ಡಬ್ಬಿ ತುಂಬಿ ಮಗಳ ಕೈಗಿಟ್ಟು, ಮುಖ ನೋಡದೆ ಹೇಳಿದಳು: "ಕೆಲಸದಿಂದ ತೆಗೆದ್ರೂ ಊಟ ಮಾಡ್ಕೊಂಡೇ ಬಾ."

ಇಂತಿ,
ಮುಂದಿನ ತಿಂಗಳೂ ಅಕ್ಕನ ಸಂಬಳದಲ್ಲೇ ಉಣ್ಣುವ ಆಸೆಯಿರುವ
ತಮ್ಮ