ಕರುವಿಗೆ ಕೊಟ್ಟ ಹೆಸರು

ಜನವರಿ 12, ಭಾನುವಾರ

ಬೆಳಿಗ್ಗೆ ಕೊಟ್ಟಿಗೆಗೆ ಹೋಗಲಿಲ್ಲ. ಬಗ್ಗಬೇಡ ಎಂದಿದ್ದಾರೆ ಡಾಕ್ಟರು. ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ, ಕೊನೆಗೆ ಜನವರಿಯ ಹಬ್ಬದ ಬಾದಾಮಿ ಕೇಕು, ಗಲೆಟ್. ಒಳಗೆ ಅಡಗಿಸಿಟ್ಟ ಪಿಂಗಾಣಿ ಗೊಂಬೆ ಯಾರ ತುಂಡಿನಲ್ಲಿ ಸಿಕ್ಕಿತು? ಇನ್ಯಾರಿಗೆ — ಕೊರಾಲಿಗೆ. ಗೊಂಬೆ ಸಿಕ್ಕವಳೇ ಆ ದಿನದ ರಾಣಿ; ಕಾಗದದ ಕಿರೀಟ ಇಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ಕೂತಳು ನನ್ನ ಓರಗಿತ್ತಿ.

ಸ್ಕ್ಯಾನಿನಲ್ಲಿ ಅವಳಿಗೂ ಗಂಡು, ನನಗೂ ಗಂಡು. ಅವಳಿಗೆ ಮಾರ್ಚ್ ಮೊದಲ ವಾರ, ನನಗೆ ಕೊನೆಯ ವಾರ. ನಾನು ಮದುವೆಯಾಗಿ ಒಂಬತ್ತು ವರ್ಷ ಕಾದೆ. ಅವಳು ಒಂದು ಬೇಸಿಗೆ ಕಾದಳು. ಅದರಲ್ಲೂ ನನಗಿಂತ ಮೊದಲು ಹೆರಬೇಕು!

"ಹೆಸರು ಏನು ಅಂದ್ಕೊಂಡಿದ್ದೀರ್ರೇ?" ಅತ್ತೆ ಇಬ್ಬರನ್ನೂ ಕೇಳಿದರು.

"ಹುಟ್ಟೋವರೆಗೂ ಬಾಯಿ ಬಿಡಲ್ಲ ಅತ್ತೆ," ಎಂದಳು ಕೊರಾಲಿ.

ಇಲ್ಲಿ ಎಲ್ಲರೂ ಹಾಗೆಯೇ. ಮೊದಲೇ ಹೇಳಿದರೆ ಒಬ್ಬರು ಮೂಗು ಮುರಿಯುತ್ತಾರೆ, ಇನ್ನೊಬ್ಬರು ತಮ್ಮ ಮಗುವಿಗೆ ಇಟ್ಟುಬಿಡುತ್ತಾರೆ. ನಮ್ಮದೂ ಗುಟ್ಟು ಎಂದೆ. ಗುಟ್ಟಂತೆ, ಮಣ್ಣು. ನಮ್ಮ ಹತ್ತಿರ ಹೆಸರೇ ಇಲ್ಲ.

ಜನವರಿ 15, ರಾತ್ರಿ

ಅಂಚೆಯವಳು ಕೊಟ್ಟ ಕ್ಯಾಲೆಂಡರ್ ಹರವಿಕೊಂಡು ಕೂತೆ. ದಿನಕ್ಕೊಬ್ಬ ಸಂತ. ಓಬಾಂ — ಲ್ಯಾಟಿನ್, ಬೆಳ್ಳಗಿರುವವನು. ಬಾಸಿಲ್ — ಗ್ರೀಕ್, ಅರಸ. ಸೆಲೆಸ್ತಾಂ — ಆಕಾಶದವನು. ಒಂದೊಂದನ್ನೇ ಓದಿ ಹೇಳಿದೆ. ನನ್ನ ಗಂಡ ಫಿರ್ಮಾಂ ಬೂಟು ಒರೆಸುತ್ತಲೇ ಇದ್ದ.

"ಹುಟ್ಲಿ. ಆಮೇಲೆ ನೋಡೋಣ."

"ಹುಟ್ಟಿದ್ಮೇಲೆ ಐದು ದಿನದಲ್ಲಿ ಪುರಸಭೇಲಿ ಬರೆಸ್ಬೇಕು. ಆಗ ಏನಂತ ಬರೆಸ್ತೀಯ, ಬೂಟು ಅಂತಲಾ?"

ಎದ್ದು ಹೋದ. ಅವನ ಭಯ ಗೊತ್ತು. ಮೂರು ವರ್ಷದ ಹಿಂದೆ ಹೊಟ್ಟೆಯಲ್ಲಿದ್ದ ಮಗುವನ್ನು ಹೆಸರಿಟ್ಟು ಕರೆಯಲು ಶುರು ಮಾಡಿದ್ದೆವು. ಐದನೇ ತಿಂಗಳಲ್ಲಿ ಹೋಯಿತು. ಅಂದಿನಿಂದ ಹೆಸರಿನ ಮಾತೆತ್ತಿದರೆ ಈ ಮನುಷ್ಯ ಜಾಗ ಖಾಲಿ ಮಾಡುತ್ತಾನೆ. ಫಿರ್ಮಾಂ ಎಂದರೆ ಗಟ್ಟಿಗ ಅಂತೆ. ಗಟ್ಟಿ ಇರುವುದು ಮುಚ್ಚಿದ ಬಾಯಿ ಒಂದೇ.

ಫೆಬ್ರವರಿ 3

ಕೊರಾಲಿಯ ಮನೆಗೆ ಮೊಟ್ಟೆ ಕೊಡಲು ಹೋದೆ. ಅವಳು ಕಾಫಿ ಮಾಡಲು ಒಳಗೆ ಹೋದಳು. ಸೋಫಾದ ದಿಂಬಿನ ಕೆಳಗೆ ಏನೋ ಚುಚ್ಚಿತು. ಕಸೂತಿಯ ಸೂಜಿ. ಜೊತೆಗೆ ಮಗುವಿನ ಎದೆಬಟ್ಟೆ, ಅದರ ಮೇಲೆ ನೀಲಿ ದಾರದಲ್ಲಿ — ಆನ್ಸೆಲ್ಮ್.

ಇದ್ದ ಹಾಗೆ ಇಟ್ಟೆ. ಕಾಫಿ ಕುಡಿದೆ. ಹವಾಮಾನದ ಬಗ್ಗೆ ಮಾತಾಡಿದೆ.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಹಳೆಯ ಜರ್ಮನ್ ಮೂಲ. ದೇವರು ಶಿರಸ್ತ್ರಾಣವಾಗಿ ಕಾಯುವವನು. ಎಂಥ ಹೆಸರು... ನನಗೇಕೆ ಸಿಗಲಿಲ್ಲ? ಅವಳಿಗೆ ಯಾವ ಕಾವಲು ಬೇಕಿತ್ತು? ಅವಳು ಏನು ಕಳೆದುಕೊಂಡಿದ್ದಾಳೆ? ಯಾರೂ ಓದುವುದಿಲ್ಲ, ಬರೆದೇ ಬಿಡುತ್ತೇನೆ. ಹೊಟ್ಟೆ ಉರಿಯಿತು. ಇಡೀ ದಿನ ಉರಿಯಿತು.

ಫೆಬ್ರವರಿ 9, ಭಾನುವಾರ

ಅತ್ತೆಯ ಮನೆ. ಮಾವನ ಹಸುವೊಂದು ಗಂಡುಕರು ಹಾಕಿದೆ. ತಾಯಿ ಹತ್ತಿರ ಸೇರಿಸುತ್ತಿಲ್ಲ. ಅತ್ತೆಯೇ ಬಾಟಲಿಯಲ್ಲಿ ಹಾಲು ಕುಡಿಸುತ್ತಾರೆ. ಗಂಡುಕರುವಿಗೆ ಹೆಸರಿಡುವವರು ಕಡಿಮೆ, ಆದರೆ ಇದಕ್ಕೆ ಬೇಕೇ ಬೇಕು ಎಂದರು. ದನಗಳ ಹೆಸರಿಗೆ ವರ್ಷಕ್ಕೊಂದು ಮೊದಲಕ್ಷರ; ಈ ವರ್ಷ ಹುಟ್ಟಿದವಕ್ಕೆಲ್ಲ 'A' ಸರದಿ.

"ಅಪ್ಪನ ಹೆಸರೇ ಇಡಿ, ಅಕಿಲ್. ಇಬ್ರೂ ಕರೆದ್ರೆ ತಿರುಗಿ ನೋಡಲ್ಲ," ಎಂದ ಕೊರಾಲಿಯ ಗಂಡ, ನನ್ನ ಮೈದುನ ರೆಮಿ.

"ಹೌದಪ್ಪಾ, ಆಮೇಲೆ ನಿಮ್ಮಮ್ಮ ನನಗೂ ಬಾಟಲಿ ಹಿಡೀತಾಳೆ," ಎಂದರು ಮಾವ.

ಎಲ್ಲರೂ ನಕ್ಕರು. ನಗು ಮುಗಿಯಲಿ ಎಂದು ಕಾದು, ಬ್ರೆಡ್ ಮುರಿಯುತ್ತಾ ಹೇಳಿದೆ: "ಆನ್ಸೆಲ್ಮ್ ಹೇಗಿರುತ್ತೆ?"

"ಆಹಾ, ಮುಖಕ್ಕೆ ಒಪ್ಪುತ್ತೆ," ಎಂದರು ಮಾವ. ಅಷ್ಟೇ. ಆಗಿಹೋಯಿತು.

ಕೊರಾಲಿಯ ಮುಖ ಬಿಳಿಚಿತು. ನನ್ನ ಕಡೆ ನೋಡಲಿಲ್ಲ, ಫಿರ್ಮಾಂ ಕಡೆ ನೋಡಿದಳು. ಅವನು ಫೋರ್ಕ್ ಕೆಳಗಿಟ್ಟು, ಹಸುವಿಗೆ ನೀರು ಇಡಬೇಕು ಎಂದು ಎದ್ದ. ಚೀಸ್ ಕೂಡ ಮುಟ್ಟಲಿಲ್ಲ. ಯಾಕೋ.

ಊರಿಗೆಲ್ಲ ಗೊತ್ತಾಗಲಿರುವ ಕರುವಿನ ಹೆಸರನ್ನು ಈಗ ಮಗನಿಗೆ ಇಡಲಿ ನೋಡೋಣ.

ಫೆಬ್ರವರಿ 20

ಅಂಚೆಯವಳು ಬೇಲಿಯಾಚೆಯಿಂದ ಕೂಗುತ್ತಾಳೆ, "ಆನ್ಸೆಲ್ಮ್, ಬಾರೋ ದಡ್ಡ!" ಕೇಳಿದಾಗೆಲ್ಲ ಒಂದು ಚೂರು ಸಮಾಧಾನ. ಒಂದೇ ಚೂರು.

ಮಾರ್ಚ್ 4

ಕೊರಾಲಿ ಹೆತ್ತಳು. ಮಗುವಿನ ಹೆಸರು ಗಾಸ್ಪಾರ್. ಪರ್ಷಿಯಾ ಕಡೆಯದಂತೆ, ನಿಧಿ ಕಾಯುವವನು.

ಬದಲಾಯಿಸಿದಳು. ಗೆದ್ದೆ.

ಆಸ್ಪತ್ರೆಗೆ ಹೋಗಿದ್ದೆ. ಮಗುವಿನ ಉಗುರು ಇಷ್ಟಿಷ್ಟೇ. ಎತ್ತಿಕೊಂಡ ಮೇಲೆ ವಾಪಸ್ ಕೊಡಲು ಮನಸ್ಸಾಗಲಿಲ್ಲ. "ಇನ್ನು ನಿನ್ನ ಸರದಿ ಅಕ್ಕ, ಎಲ್ಲ ಸರಿ ಹೋಗುತ್ತೆ," ಎಂದು ಕೈ ಹಿಡಿದಳು. ಕೈ ಬಿಡಿಸಿಕೊಂಡೆ. ಒಳ್ಳೆಯವಳ ಹಾಗೆ ಆಡುವುದು ಬೇರೆ.

ಮಾರ್ಚ್ 11

ದನದ ವ್ಯಾಪಾರಿಯ ಲಾರಿ ಬಂತು. ಗಂಡುಕರುಗಳೆಲ್ಲ ಕೊನೆಗೆ ಹೋಗುವುದು ಕಸಾಯಿಖಾನೆಗೇ. ಅತ್ತೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು, "ಆನ್ಸೆಲ್ಮ್ ಹೋದ," ಎಂದರು. ಫಿರ್ಮಾಂ ಟ್ರಾಕ್ಟರಿನ ಶೆಡ್ಡಿನಿಂದ ಹೊರಗೇ ಬರಲಿಲ್ಲ. ಇವನು ಯಾವತ್ತಿನಿಂದ ಕರುವಿಗೆ ಅಳುವವನಾದ?

ಮಾರ್ಚ್ 28, ಆಸ್ಪತ್ರೆ

ಹುಟ್ಟಿದ. ನಿನ್ನೆ ಬೆಳಿಗ್ಗೆ. ಅಳುತ್ತಾನೆ, ಕುಡಿಯುತ್ತಾನೆ, ಇದ್ದಾನೆ. ಇದ್ದಾನೆ.

ಮಧ್ಯಾಹ್ನ ಕೊರಾಲಿ ಬಂದಳು. ಚೀಲದಿಂದ ಎದೆಬಟ್ಟೆ ತೆಗೆದು ಫಿರ್ಮಾಂ ಕೈಗೆ ಕೊಟ್ಟಳು. ನೀಲಿ ದಾರ.

"ದಾರ ಬಿಚ್ಚೋಣ ಅಂದ್ಕೊಂಡೆ ಭಾವ. ಮನಸ್ಸು ಬರ್ಲಿಲ್ಲ."

ಫಿರ್ಮಾಂ ಹಾಸಿಗೆಯ ಅಂಚಿನಲ್ಲಿ ಕೂತು, ಒಂಬತ್ತು ವರ್ಷದಲ್ಲಿ ಆಡದಷ್ಟು ಮಾತು ಆಡಿದ. ಡಿಸೆಂಬರಿನಲ್ಲೇ ಆರಿಸಿದ್ದನಂತೆ. ಅರ್ಥ ನೋಡಿಯೇ ಆರಿಸಿದ್ದು. ಬಾಯಲ್ಲಿ ಹೇಳಲು ಭಯ. ಅದಕ್ಕೆ ಕೊರಾಲಿಗೆ ಚೀಟಿ ಬರೆದುಕೊಟ್ಟು ಹೊಲಿಸಿದ್ದು. ಮಗು ಜೋಪಾನವಾಗಿ ಹುಟ್ಟಿದ ಮೇಲೆ ನನಗೆ ತೋರಿಸಬೇಕೆಂದಿದ್ದ.

ನನಗೆ ಹೇಳದೆ ಅವಳಿಗೆ ಹೇಳಿದ. ಇಷ್ಟೆಲ್ಲ ಆದ ಮೇಲೂ ಮೊದಲು ಚುಚ್ಚಿದ್ದು ಅದೇ.

ಕೊರಾಲಿ ನನ್ನನ್ನೇ ನೋಡುತ್ತಿದ್ದಳು. ದಿಂಬು, ಮೊಟ್ಟೆ ಬುಟ್ಟಿ, ಕಾಫಿ... ಅವಳಿಗೆ ಗೊತ್ತಾಗಿದೆ. ಮಗುವಿನ ಟೋಪಿ ಸರಿ ಮಾಡಿ ಹೊರಟುಹೋದಳು.

ಸಂಜೆ

ಫಿರ್ಮಾಂ ಕೋಟು ಹಾಕಿಕೊಂಡು ನಿಂತಿದ್ದಾನೆ. ಪುರಸಭೆ ಮುಚ್ಚುವುದರೊಳಗೆ ಹೋಗಬೇಕಂತೆ.

"ಆ ಹೆಸರೇ ಬರೆಸ್ತೀನಿ ಪೆರೀನ್. ಕರು ಹೋದ ದಿನ ಬೇಡ ಅನ್ನಿಸಿತ್ತು, ಭಯ ಆಗಿತ್ತು. ಆದರೆ ನೋಡು, ನಾನು ಒಂದು ಮಾತೂ ಹೇಳಿರಲಿಲ್ಲ, ಆದರೂ ನಿನ್ನ ಬಾಯಲ್ಲಿ ಅದೇ ಬಂತು. ಇಬ್ಬರ ಮನಸ್ಸಿಗೂ ಒಂದೇ ಹೆಸರು. ಇನ್ನೇನು ಬೇಕು ನನಗೆ?"

ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಾನೆ. ಈ ಡೈರಿ ನೋಡುತ್ತಾ ತಲೆ ತಗ್ಗಿಸಿಕೊಂಡಿದ್ದೇನೆ. ಬಾಗಿಲ ತನಕ ಹೋದವನು ತಿರುಗಿ ಕೇಳಿದ:

"ಅಂದಹಾಗೆ, ನಿನಗೆ ಎಲ್ಲಿಂದ ಹೊಳೀತೇ ಆ ಹೆಸರು?"

ಬಾಗಿಲು ಹಿಡಿದು ಕಾಯುತ್ತಿದ್ದಾನೆ. ನಾನು...