ಕೊನೆಯ ಮಗುವಿನ ಸಂಥೆ

ಮೇಲುಕೋಟೆ
19 ಜನವರಿ 2025

ಚಿ. ಸೌ. ವೇದವಲ್ಲಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮಂಡಿನೋವು, ಕನ್ನಡಕ ಎಂದು ನೆಪ ಹೇಳಬಹುದು, ಹೇಳುವುದಿಲ್ಲ. ಮನಸ್ಸಾಗಲಿಲ್ಲ, ಅಷ್ಟೆ. ನಿಮ್ಮಮ್ಮ ಮಾತ್ರ ದಿನಾ ಕೇಳುತ್ತಾಳೆ, "ಮಗಳಿಗೆ ನಾಲ್ಕು ಸಾಲು ಬರೆಯೋಕೆ ನಿಮಗೇನು ದಾಡಿ?" ಎಂದು.

ಶಿಕ್ಷಕರ ತರಬೇತಿಯಲ್ಲಿ ಭಾಷಣ ಮಾಡಬೇಕು, ಒಳ್ಳೆಯ ಪಾಠದ ಹಳೆಯ ಸೂತ್ರಗಳನ್ನು ಬರೆದು ಕಳಿಸಿ, ನಿಮ್ಮ ಹೆಸರನ್ನೇ ಹೇಳುತ್ತೇನೆ ಎಂದಿದ್ದೀಯ. ಸೂತ್ರ ಗೀತ್ರ ನನಗೆ ಗೊತ್ತಿಲ್ಲ. ಗೊತ್ತಿರುವುದು ಸಂಥೆ ಒಂದೇ. ಗುರು ಒಂದು ಸಲ ಹೇಳಬೇಕು, ಮಕ್ಕಳು ಎರಡು ಸಲ ಹೇಳಬೇಕು. ಕೊನೆಯ ಮಗುವಿನ ಬಾಯಲ್ಲಿ ಶ್ಲೋಕದ ಸಾಲು ಸರಿಯಾಗಿ ಬರುವವರೆಗೆ ಮುಂದಿನ ಸಾಲಿಗೆ ಹೋಗಕೂಡದು. ನನ್ನ ಗುರುಗಳು ನನಗಾಗಿ ಒಂದೇ ಸಾಲಿನ ಮೇಲೆ ಒಂಬತ್ತು ದಿನ ಕೂತಿದ್ದರು. ಜೊತೆಯವರು ಗೊಣಗಿದರೆ, "ಅವನು ಬರದೆ ಗಾಡಿ ಹೊರಡೋದಿಲ್ಲ" ಎನ್ನುತ್ತಿದ್ದರು. ನಲವತ್ತು ವರ್ಷ ನಾನೂ ಹಾಗೇ ಕಾದೆ.

ಈಗ ಪಾಠಶಾಲೆಗೆ ಹೊಸ ಕಾರ್ಯದರ್ಶಿ, ಲೋಕೇಶ್. ಗೋಡೆಗೆ ದೊಡ್ಡ ಟಿವಿ ಬಂದಿದೆ. ಮಕ್ಕಳಿಗಿಂತ ಫೋಟೊಗಳೇ ಹೆಚ್ಚು. ಭಾನುವಾರದ ತರಗತಿಗೆ ನನ್ನನ್ನೇ ಮತ್ತೆ ಕರೆದರು. ಹದಿಮೂರು ಮಕ್ಕಳು. ಅವರಲ್ಲಿ ಮಗ್ಗದ ಚಲುವಯ್ಯನ ಮಗಳು ಅಕ್ಷಿತಾ, ಹತ್ತು ವರ್ಷ. ಸಾಲು ಅವಳ ಬಾಯಿಗೆ ತಡವಾಗಿ ಬರುತ್ತದೆ. ಬಂದದ್ದು ಮತ್ತೆ ಹೋಗುವುದಿಲ್ಲ.

ಡಿಸೆಂಬರಿನಲ್ಲಿ ನಾಗಮಂಗಲದಲ್ಲಿ ಶ್ಲೋಕ ಸ್ಪರ್ಧೆ. ಒಟ್ಟಿಗೆ ಹೇಳುವಾಗ ಅವಳೊಬ್ಬಳ ದನಿ ಕೊಂಚ ಹಿಂದೆ ಬೀಳುತ್ತಿತ್ತು. "ಶೀಲ್ಡು ಬರ್ಲೇಬೇಕು ಮೇಷ್ಟ್ರೇ, ಆ ಉಡುಗಿ ಸದ್ದು ಬರ್ದಂಗೆ ನೋಡ್ಕಳಿ" ಎಂದ ಲೋಕೇಶ್. ವೇದಿಕೆ ಹತ್ತುವ ಮುಂಚೆ ಅವಳನ್ನು ಪಕ್ಕಕ್ಕೆ ಕರೆದು, "ನೀನು ತುಟಿ ಮಾತ್ರ ಆಡಿಸಮ್ಮ, ಸದ್ದು ಬೇಡ" ಎಂದೆ. ತಲೆಯಾಡಿಸಿದಳು. ಶೀಲ್ಡು ಬಂತು. ನನಗೆ ಶಾಲು ಹೊದಿಸಿದರು.

ಮೊನ್ನೆ ಚಲುವಯ್ಯ ಬಂದಿದ್ದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. "ಮೇಷ್ಟ್ರೇ, ಕೂಸು ಮನೇಲಿ ದಿನಾ ಜೋರಾಗಿ ಯೋಳ್ಕಳದು, ನಮ್ಮವ್ವ ಕೇಳ್ಕಂಡು ಕೂತಿರೋಳು. ಈಗ ಬರೀ ತುಟಿ ಆಡುಸ್ತದೆ. ಯಾಕವ್ವ ಅಂದ್ರೆ, ಮೇಷ್ಟ್ರು ಇಂಗೇ ಯೋಳ್ಬೇಕು ಅಂದವ್ರೆ ಅಂತದೆ. ಇದು ಒಸ ಪಾಠವಾ? ನಮ್ಗೇನ್ ಗೊತ್ತಾಯ್ತದೆ ಬುಡಿ, ನೀವು ತಿಳ್ದೋರು" ಎಂದ. ನಾನು ಹ್ಞೂಂ ಎಂದೆ. ವೇದಾ, ಅವನ ಮುಖ ನೋಡಿಕೊಂಡೇ ಹ್ಞೂಂ ಎಂದೆ! ಅಂದಿನಿಂದ ಊಟ ರುಚಿಸುತ್ತಿಲ್ಲ, ನನ್ನ ಮೇಲೆ ನನಗೇ ಹೇಸಿಗೆ.

ನಿನ್ನ ಭಾಷಣ ಚೆನ್ನಾಗಿ ಆಗಲಿ. ಸಂಥೆಯ ವಿಷಯ ಧಾರಾಳವಾಗಿ ಹೇಳು, ನನ್ನ ಹೆಸರು ಬೇಡ. ಅಳಿಯಂದಿರೂ ಮಕ್ಕಳೂ ನೂರ್ಕಾಲ ಸುಖವಾಗಿರಲಿ.

ನಿನ್ನ ಅಪ್ಪ,
ತಿರುನಾರಾಯಣ

ಮತ್ತೊಂದು ಮಾತು: ಲೋಕೇಶ್ ಹೇಳಿದ ಎಂದು ಮೇಲೆ ಬರೆದದ್ದು ಸುಳ್ಳು. ಅವನು ಹೇಳಿದ್ದು, "ಸೋತ್ರೆ ಸೋಲ್ಲಿ ಬುಡಿ ಮೇಷ್ಟ್ರೇ, ಮಕ್ಳೆಲ್ಲ ಯೋಳ್ಲಿ" ಎಂದು. ಶಾಲಿನ ಆಸೆ ನನ್ನದು. ಇವತ್ತು ಬೆಳಿಗ್ಗೆ ಅಕ್ಷಿತಾಳೊಬ್ಬಳನ್ನೇ ಕೂರಿಸಿಕೊಂಡು ಒಂದು ಸಾಲು ಹೇಳಿಕೊಟ್ಟೆ. ಎರಡು ಸಲ ತುಟಿ ಆಡಿಸಿದಳು, ಸದ್ದಿಲ್ಲ. "ಹಾಗಲ್ಲಮ್ಮ" ಎಂದೆ. ತಪ್ಪಾಯಿತೇನೋ ಎಂದು ಹೆದರಿ, ಬಾಯಿ ಇನ್ನಷ್ಟು ಅಗಲಿಸಿ, ಸದ್ದಿಲ್ಲದೆ ಮತ್ತೆ ಹೇಳಿದಳು.